ಅತ್ತಿಗೆ ಕೊಂಡ ಬೆನ್ನಿನ ಚಿತ್ರ

ನಮ್ಮ ಅತ್ತಿಗೆ ಚಿಕ್ಕಗಂಗಮ್ಮನಿಗೆ ಸಿಟ್ಟೇ ಬರುವುದಿಲ್ಲ ಎನ್ನುವವರು ಒಂದು ಸಲ ಅವಳ ಹತ್ತಿರ ಬ್ಲೌಸ್ ಹೊಲಿಸಿ, ಆಮೇಲೆ ಕೂಲಿಗೆ ಚೌಕಾಸಿ ಮಾಡಿ ನೋಡಬೇಕು. ಬಾಯಲ್ಲಿ ಒಂದು ಬಿರುಸು ಮಾತು ಬರುವುದಿಲ್ಲ. ಹೊಲಿದದ್ದನ್ನು ನೀಟಾಗಿ ಮಡಚಿ ಕವರಿಗೆ ಹಾಕಿ, ನಿಮಗೆ ತೋಚಿದ್ದು ಕೊಡಿ ಎಂದು ಹೇಳಿ, ಬೆನ್ನು ತಿರುಗಿಸಿ ಕೂತು ಮೆಷಿನ್ ತುಳಿಯತೊಡಗುತ್ತಾಳೆ. ಆ ತುಳಿತದ ಸದ್ದಿಗೇ ಎಂಥ ಜುಗ್ಗಿಯಾದರೂ ಪೂರ್ತಿ ದುಡ್ಡಿಟ್ಟು ಹೋಗುತ್ತಾಳೆ. ನಾನು ಪಕ್ಕದಲ್ಲಿ ಕೂತು ಹುಕ್ಕು ಹಾಕುತ್ತಾ ಇದನ್ನು ಎಷ್ಟು ಸಲ ನೋಡಿ ನಕ್ಕಿದ್ದೇನೋ.

ನಾನು ಕಲಾ, ಅವಳ ಗಂಡ ಉಗ್ರಪ್ಪನ ತಂಗಿ. ನಾದಿನಿ ಎಂದರೆ ಅತ್ತಿಗೆಯ ತಪ್ಪು ಹುಡುಕುವವಳು ಎಂದು ಲೋಕವೆಲ್ಲ ತಿಳಿದಿದೆ. ನಮ್ಮ ಮನೆಯಲ್ಲಿ ನಾನು ಹುಡುಕಿದ್ದೆಲ್ಲ ನಮ್ಮಣ್ಣನ ತಪ್ಪು. ಅದಕ್ಕೆ ಹುಡುಕಬೇಕಾದ ಕಷ್ಟವೂ ಇರಲಿಲ್ಲ. ಅತ್ತಿಗೆ ನನ್ನ ಓರಗೆಯವಳು, ಹಾಗಾಗಿ ನಮ್ಮಿಬ್ಬರ ನಡುವೆ ಬಹುವಚನ ಯಾವತ್ತೂ ಬರಲಿಲ್ಲ. ಬಾಪೂಜಿ ನಗರದ ಅವಳ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ನಾನು ಎರಡು ಬೀದಿ ಆಚೆಯಿಂದ ಬೆಳಿಗ್ಗೆ ಹೋಗಿ ಹೆಮ್ಮಿಂಗು, ಹುಕ್ಕು, ಕಾಜಾ ಮಾಡಿಕೊಟ್ಟು ಸಂಜೆ ಬರುತ್ತೇನೆ. ಅಣ್ಣ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸದವನು. ದಿನವೆಲ್ಲ ಕಬ್ಬಿಣದ ಜೊತೆ ಇರುತ್ತಾನೆ, ಮಾತೂ ಹಾಗೇ ಆಗಿದೆ.

ಅವರ ಮನೆಯ ಮಹಡಿಯ ಮೇಲೆ ಒಂದೇ ಒಂದು ಕೋಣೆ. ಅದಕ್ಕೆ ಬಾಡಿಗೆಗೆ ಬಂದವಳು ಧನ್ಯಶ್ರೀ. ಕೆಂಗೇರಿಯ ಹುಡುಗಿ, ಚಿತ್ರಕಲೆ ಓದಿದವಳು. ಎಲ್ಲೂ ಕೆಲಸಕ್ಕೆ ಹೋಗುವುದಿಲ್ಲ. ತಾನೇ ಬರೆಯುತ್ತಾಳೆ, ತಾನೇ ಮಾರುತ್ತಾಳೆ, ಭಾನುವಾರ ಮಕ್ಕಳಿಗೆ ಪಾಠ ಹೇಳಿಕೊಡುತ್ತಾಳೆ. ಬಣ್ಣ ಬಳಿಯುವ ಹುಡುಗಿ ಬಾಡಿಗೆ ಎಲ್ಲಿಂದ ತರುತ್ತಾಳೆ ಎಂದು ಅಣ್ಣ ಮೂಗು ಮುರಿದಿದ್ದ. ಅವಳು ಒಂದು ತಿಂಗಳೂ ತಪ್ಪಿಸಲಿಲ್ಲ, ಇವನ ಮೂಗು ಮಾತ್ರ ನೆಟ್ಟಗಾಗಲಿಲ್ಲ. ಬಂದ ವರ್ಷ ಚಳಿಗಾಲದಲ್ಲಿ ಆ ಹುಡುಗಿ ಮಹಡಿ ಮೆಟ್ಟಿಲ ಮೇಲೆ ಕೂತು, ತೆರೆದ ಬಾಗಿಲಿನಿಂದ ಕಾಣುವ ನಮ್ಮನ್ನು ನೋಡಿ ನೋಡಿ ಏನೋ ಗೀಚುತ್ತಿದ್ದಳು. ನಾನು ಸೆರಗು ಸರಿ ಮಾಡಿಕೊಂಡು ಕೂರುತ್ತಿದ್ದೆ. ಆಮೇಲೆ ನೋಡಿದರೆ ಚಿತ್ರದಲ್ಲಿ ನಾನೇ ಇಲ್ಲ, ಅತ್ತಿಗೆ ಒಬ್ಬಳೇ ಇದ್ದಾಳೆ. ನನಗೆ ಒಂದು ವಾರ ಹೊಟ್ಟೆ ಉರಿದದ್ದು ನಿಜ.

ಆ ಚಿತ್ರದಲ್ಲಿ ಅತ್ತಿಗೆ ನಮಗೆ ಬೆನ್ನು ಹಾಕಿ ಮೆಷಿನ್ ಮುಂದೆ ಬಗ್ಗಿ ಕೂತಿದ್ದಾಳೆ. ಜಡೆಯನ್ನು ಮುಂದಕ್ಕೆ ಹಾಕಿಕೊಂಡಿದ್ದಾಳೆ, ಕೊರಳಲ್ಲಿ ಟೇಪು ನೇತಾಡುತ್ತಿದೆ, ಚಳಿಗಾಲದಲ್ಲೂ ತುಳಿದು ತುಳಿದು ಬಂದ ಬೆವರಿಗೆ ಬ್ಲೌಸು ಬೆನ್ನಿಗೆ ಅಂಟಿದೆ. ಆಚೆ ಕರಿಯ ಮೆಷಿನ್ನು, ಅದರ ಚಕ್ರದ ಮೇಲೆ ಬಾಗಿಲ ಬೆಳಕು. ಮುಖ ಕಾಣುವುದೇ ಇಲ್ಲ. ಕೈಯಿಂದ ಮಾಡಿದ ದಪ್ಪ ಕಾಗದದ ಮೇಲೆ ನೀರುಬಣ್ಣದಲ್ಲಿ ಬರೆದದ್ದು.

ಜನವರಿಯ ಚಿತ್ರಸಂತೆಗೆ ಧನ್ಯಶ್ರೀ ಅದನ್ನು ಮಾರಲು ಇಟ್ಟಳು. ಬನ್ನಿ ಎಂದು ಕರೆದಳೆಂದು ನಾನೂ ಅತ್ತಿಗೆಯೂ ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿಕೊಂಡು ಹೋದೆವು. ಜನವೋ ಜನ. ನಾವು ಅವಳ ಜಾಗ ಹುಡುಕಿಕೊಂಡು ಹೋಗುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಈ ಚಿತ್ರದ ಮುಂದೆಯೇ ನಿಂತಿದ್ದರು. ಹೆಂಡತಿ ಮೊಬೈಲಿನಲ್ಲಿ ತಮ್ಮ ಮನೆಯ ಸೋಫಾದ ಫೋಟೋ ತೆರೆದು, ಅದನ್ನು ಚಿತ್ರದ ಪಕ್ಕ ಹಿಡಿದು ನೋಡುತ್ತಿದ್ದಳು. ಹಿಂದಿನ ಬಣ್ಣ ಸ್ವಲ್ಪ ಡಾರ್ಕ್ ಆಯಿತು, ಸೋಫಾಗೆ ಮ್ಯಾಚ್ ಆಗುವುದಿಲ್ಲ, ಇದನ್ನೇ ಲೈಟ್ ಕಲರಿನಲ್ಲಿ ಇನ್ನೊಂದು ಮಾಡಿ ಕೊಡುತ್ತೀರಾ ಎಂದು ಧನ್ಯಶ್ರೀಯನ್ನು ಕೇಳಿದಳು. ಹುಡುಗಿ ತಲೆ ಕೆರೆದುಕೊಂಡಳು.

ನಮ್ಮತ್ತಿಗೆಯ ಆಯುಸ್ಸೆಲ್ಲ ಮ್ಯಾಚಿಂಗಿನಲ್ಲೇ ಕಳೆದಿದೆ. ಸೀರೆ ಸೆರಗನ್ನು ಬಾಗಿಲಿಗೆ ಹಿಡಿದು, ಅದಕ್ಕೆ ಬಟ್ಟೆ ಹಿಡಿದು, ದಾರ ಹಿಡಿದು, ಹುಕ್ಕಿನ ಬಣ್ಣವನ್ನೂ ನೋಡುವವಳು. ಅಂಥವಳ ಮುಖ ಆವತ್ತು ಕೆಂಪಾಯಿತು. ಮುಂದೆ ಹೋಗಿ, "ಇದು ಮಾರಾಟ ಆಗೋಯ್ತಮ್ಮ" ಅಂದಳು. ಆ ಹೆಂಗಸು ಯಾರಿಗೆ ಎಂದು ಕೇಳಿದಳು.

"ನಂಗೆ. ನನ್ ಬೆನ್ನು ಯಾರ್ ಸೋಫಾಗೂ ಮ್ಯಾಚಿಂಗ್ ಅಲ್ಲ."

ಗಂಡ ಹೆಂಡತಿ ಇವಳನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವರ ಗಣಪತಿ ಚಿತ್ರದ ಕಡೆ ನಡೆದರು. ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಭಯ. ಈ ಮಹಾತಾಯಿ ಒಂದು ಲೋಟ ಕಬ್ಬಿನ ಹಾಲು ಕುಡಿಯಲೂ ಹತ್ತು ಸಲ ಯೋಚಿಸುವವಳು. ಧನ್ಯಶ್ರೀ ಅವಳ ಕೈ ಹಿಡಿದು, ನಿಮ್ಮದೇ ಚಿತ್ರ ಆಂಟಿ, ಸುಮ್ಮನೆ ತಗೊಂಡು ಹೋಗಿ ಅಂದಳು. ಅತ್ತಿಗೆ ಒಪ್ಪಲಿಲ್ಲ. ಬಿಟ್ಟಿ ಹೊಲಿದುಕೊಟ್ಟ ಬ್ಲೌಸನ್ನು ಯಾರೂ ಜೋಪಾನ ಮಾಡುವುದಿಲ್ಲ, ರೇಟು ಹೇಳು ಅಂದಳು. ಹುಡುಗಿ ಹೇಳಿದಳು. ಅತ್ತಿಗೆ ಉಗುಳು ನುಂಗಿಕೊಂಡದ್ದನ್ನು ನಾನು ನೋಡಿದೆ. ಆದರೂ ಒಂದು ರೂಪಾಯಿ ಕಡಿಮೆ ಮಾಡು ಎನ್ನಲಿಲ್ಲ. ಯುಗಾದಿಯವರೆಗೂ ಬ್ಲೌಸಿನ ದುಡ್ಡು ಬಂದ ಹಾಗೆಲ್ಲ ಮಹಡಿ ಹತ್ತಿ ಕೊಟ್ಟು ಬಂದಳು.

ಮನೆಗೆ ತಂದ ದಿನ ಅಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಖ ಎಲ್ಲಿ ಎಂದು ಕೇಳಿದ. ಮುಖವಿಲ್ಲದ ಚಿತ್ರಕ್ಕೆ ದುಡ್ಡು ಕೊಟ್ಟವಳು ಕರ್ನಾಟಕದಲ್ಲಿ ನೀನೊಬ್ಬಳೇ ಇರಬೇಕು ಅಂದ. ಆಮೇಲೆ, ಆ ಬೆನ್ನನ್ನು ನಾನು ದಿನಾ ಬಿಟ್ಟಿಯಾಗೇ ನೋಡುತ್ತೇನಲ್ಲ ಎಂದು ನನ್ನ ಕಡೆ ತಿರುಗಿ ನಕ್ಕ. ನಾನು ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆಯೇ ಹೇಳಿದಳು.

"ನೀವು ನೋಡ್ತೀರ. ನಾನು ನೋಡಿರ್ಲಿಲ್ಲ."

ನನಗೂ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಊರಿನ ಹೆಂಗಸರ ಬೆನ್ನನ್ನೆಲ್ಲ ಅಳತೆ ತೆಗೆದವಳು ತನ್ನ ಬೆನ್ನನ್ನು ಕಂಡದ್ದು ಆ ಕಾಗದದಲ್ಲೇ. ನಾನು ಇಷ್ಟು ದಿನ ಹೀಗೆ ಕೂತಿದ್ದೆನಾ ಎಂದು ಅವಳು ಅದನ್ನು ನೋಡುತ್ತಾ ನಿಂತುಬಿಡುತ್ತಿದ್ದಳು. ಆಗ ಅವಳ ಮುಖದಲ್ಲಿ ಒಂದು ಥರದ ಖುಷಿ ಇರುತ್ತಿತ್ತು. ಮದುವೆಯಲ್ಲೂ ನಾನು ಅವಳನ್ನು ಹಾಗೆ ನೋಡಿರಲಿಲ್ಲ.

ಮುಂದಿನ ಪಾಡು ಕೇಳಿ. ಚೌಕಟ್ಟು ಹಾಕಿಸಲು ರಾಜಾಜಿನಗರದ ಒಂದು ಅಂಗಡಿಗೆ ಹೋದೆವು. ಅವನು ದೇವರ ಪಟಗಳಿಗೆ ಕಟ್ಟು ಹಾಕಿ ಅಭ್ಯಾಸವಾದವನು. ಕಾಗದದ ಅಂಚನ್ನು ಕತ್ತರಿಸಿ, ಹಿಂದೆ ಗೋಂದು ಬಳಿದು ರಟ್ಟಿಗೆ ಅಂಟಿಸಿ, ಮೇಲೆ ಗಾಜು ಒತ್ತಿಬಿಡುತ್ತೇನೆ, ಅರ್ಧ ಗಂಟೆ ಕೂತಿರಿ ಅಂದ. ಅತ್ತಿಗೆ ಚಿತ್ರವನ್ನು ಅವನ ಕೈಯಿಂದ ಕಿತ್ತುಕೊಂಡಳು. ಧನ್ಯಶ್ರೀ ಹೇಳಿ ಕಳಿಸಿದ್ದನ್ನೆಲ್ಲ ಒಪ್ಪಿಸಿದಳು. ಗೋಂದು ತಾಕಬಾರದು, ಗಾಜು ಚಿತ್ರಕ್ಕೆ ಮುಟ್ಟಬಾರದು, ನಡುವೆ ದಪ್ಪ ರಟ್ಟಿನ ಅಂಚು ಇರಬೇಕು, ಒಂದು ಎಳೆ ಕಾಗದವನ್ನೂ ಕತ್ತರಿಸಬಾರದು. ಬ್ಲೌಸಿನ ಒಳಗೆ ನಾವು ಹೆಚ್ಚುವರಿ ಬಟ್ಟೆ ಬಿಡುವುದಿಲ್ಲವೇ ಹಾಗೆ ಎಂದು ಅವನಿಗೆ ತಿಳಿಸಿ ಹೇಳಿದಳು. ಅವನಿಗೆ ಬೇಜಾರಾಯಿತೋ ಏನೋ, ಇದು ಯಾವ ದೇವರು ಎಂದು ಕೇಳಿದ. ನಮ್ಮ ಮನೆ ದೇವರು ಎಂದು ನಾನು ಹೇಳಿಬಿಟ್ಟೆ. ಆಮೇಲೆ ಒಳ್ಳೆಯ ಕೆಲಸ ಮಾಡಿಕೊಟ್ಟ ಅನ್ನಿ.

ಮನೆಯಲ್ಲಿ ಅದಕ್ಕೆ ಜಾಗ ಸಿಗುವುದೇ ಕಷ್ಟವಾಯಿತು. ಬಾಗಿಲೆದುರಿನ ಗೋಡೆಗೆ ಬಿಸಿಲು ಬೀಳುತ್ತದೆ, ಬಣ್ಣ ಮಾಸುತ್ತದೆ. ದೇವರ ಗೋಡೆಗೆ ಊದುಬತ್ತಿ ಹೊಗೆ. ಬಚ್ಚಲ ಪಕ್ಕದ ಗೋಡೆ ತೇವ. ಉಳಿದದ್ದು ಅಣ್ಣ ಟೀವಿ ಇಟ್ಟಿದ್ದ ಗೋಡೆ ಒಂದೇ. ಟೀವಿ ಮೂಲೆಗೆ ಹೋಯಿತು. ಅವನು ಮೂರು ದಿನ ಕತ್ತು ಓರೆ ಮಾಡಿಕೊಂಡು ಕ್ರಿಕೆಟ್ ನೋಡಿ, ಆಮೇಲೆ ಕುರ್ಚಿಯನ್ನೇ ತಿರುಗಿಸಿಕೊಂಡ. ಒದ್ದೆ ಬಟ್ಟೆಯಲ್ಲಿ ಒರೆಸುವ ಹಾಗಿಲ್ಲ, ಒಣ ಬಟ್ಟೆಯಲ್ಲಿ ಗಾಜು ಮಾತ್ರ. ಬೆರಳು ತಾಕಿಸುವ ಹಾಗಿಲ್ಲ. ನಮ್ಮದು ಮಡಿ ಮೈಲಿಗೆ ನೋಡುವ ಮನೆತನವಲ್ಲ. ಆದರೂ ಅತ್ತಿಗೆ ಆ ಚಿತ್ರಕ್ಕೆ ಮಾಡಿದ ಮಡಿಯನ್ನು ಯಾವ ಅಗ್ರಹಾರದಲ್ಲೂ ಮಾಡಿರಲಿಕ್ಕಿಲ್ಲ. ಇಷ್ಟೊಂದು ಯಾಕೆ ಎಂದು ನಾನೊಮ್ಮೆ ಕೇಳಿದೆ. ನಾನು ಹೊಲಿದದ್ದೆಲ್ಲ ಬೇರೆಯವರ ಮೈ ಮೇಲೆ ಹರಿದು ಹೋಯಿತು, ನಾನು ಹೋದ ಮೇಲೆ ಇದೊಂದಾದರೂ ಹೀಗೇ ಇರಲಿ ಅಂದಳು. ಒಳಗಿಂದ ಅಣ್ಣ "ಬಿಡ್ತು ಅನ್ನು" ಎಂದು ಗದರಿದ. ಅವಳು ಬಿಡ್ತು ಅಂದು ನಕ್ಕಳು.

ಬೇಸಿಗೆಯಲ್ಲಿ ಅಣ್ಣ ವರ್ಕ್‌ಶಾಪಿನಲ್ಲಿ ಎಣ್ಣೆಯ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡ. ಲೇತ್ ಹಿಡಿಯುವ ಕೈ. ಮಳೆಗಾಲ ಮುಗಿಯುವವರೆಗೂ ಮನೆಯಲ್ಲೇ ಕೂತ. ಆ ದಿನಗಳಲ್ಲಿ ಅತ್ತಿಗೆ ತುಳಿದ ಮೆಷಿನ್ನಿಗೆ ಬಿಡುವೇ ಇರಲಿಲ್ಲ. ಸ್ಕೂಲ್ ಯೂನಿಫಾರ್ಮು, ಫಾಲ್ಸು, ದಿಂಬಿನ ಕವರು, ಏನು ಬಂದರೂ ಬೇಡ ಎನ್ನಲಿಲ್ಲ. ಅಣ್ಣ ಎಡಗೈಯಲ್ಲಿ ಕಾಫಿ ಮಾಡಿ ತಂದಿಡುತ್ತಿದ್ದ, ಅರ್ಧ ಲೋಟ ತಟ್ಟೆಗೇ ಚೆಲ್ಲಿರುತ್ತಿತ್ತು. ಬಾಯಿಬಿಟ್ಟು ಒಂದು ಒಳ್ಳೆಯ ಮಾತು ಮಾತ್ರ ಆಡಲಿಲ್ಲ. ಅವನ ಸ್ವಭಾವವೇ ಹಾಗೆ, ಹೊಗಳಿದರೆ ನಾಲಿಗೆ ಸವೆಯುತ್ತದೆ ಎಂದುಕೊಂಡಿದ್ದಾನೆ. ನನಗೆ ಆಗ ಅವನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಆ ಸಲ ಮಳೆ ಜಾಸ್ತಿ. ದಸರಾ ಹತ್ತಿರ ಬಂದಾಗ ಚೌಕಟ್ಟಿನ ಒಳಗಿನ ರಟ್ಟಿನ ಮೇಲೆ ಸಣ್ಣ ಬೂಷ್ಟಿನ ಚುಕ್ಕೆ ಕಾಣಿಸಿತು. ಅತ್ತಿಗೆ ಆವತ್ತು ಊಟ ಬಿಟ್ಟಳು. ಧನ್ಯಶ್ರೀ ಬಂದು ಚೌಕಟ್ಟು ಬಿಚ್ಚಿ ನೋಡಿದಳು. ಚಿತ್ರಕ್ಕೆ ಏನೂ ಆಗಿರಲಿಲ್ಲ, ರಟ್ಟು ಮಾತ್ರ ಬದಲಾಯಿಸಬೇಕಿತ್ತು. ಅಲ್ಲಿಯವರೆಗೆ ಚಿತ್ರವನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ಹಾಗೇ ಬಿಡಿಯಾಗಿ ಮಲಗಿಸಿಡಿ ಎಂದು ಹೇಳಿ ಹಬ್ಬಕ್ಕೆ ಕೆಂಗೇರಿಗೆ ಹೋದಳು. ನಾವು ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ, ಬಿಳಿ ಪಂಚೆ ಹಾಸಿ, ಅದರ ಮೇಲೆ ಮಲಗಿಸಿ, ಮೇಲೊಂದು ತೆಳ್ಳನೆಯ ಬಟ್ಟೆ ಮುಚ್ಚಿದೆವು. ಅದೇ ವಾರ, ಹಬ್ಬದ ಗಿರಾಕಿಗಳ ನೂಕುನುಗ್ಗಲಿನ ನಡುವೆ, ಅತ್ತಿಗೆಯ ಮೆಷಿನ್ನೂ ಕೈಕೊಟ್ಟಿತು. ಅದನ್ನು ಆಟೋದಲ್ಲಿ ಹಾಕಿಕೊಂಡು ವಿಜಯನಗರದ ರಿಪೇರಿ ಅಂಗಡಿಗೆ ಕೊಟ್ಟು ಬಂದೆವು.

ಆಯುಧ ಪೂಜೆಯ ದಿನ ನಾನು ಅಣ್ಣನ ಮನೆಯಲ್ಲೇ ಇದ್ದೆ. ಉಳಿದಿದ್ದ ಒಂದು ಅರ್ಜೆಂಟ್ ಬ್ಲೌಸು ಮುಗಿಸಲು ಅತ್ತಿಗೆ ಪಕ್ಕದ ಮನೆಯ ಸೌಮ್ಯಶ್ರೀಯ ಮೆಷಿನ್ನಿಗೆ ಹೋಗಿದ್ದಳು. ನಾನು ಅಡಿಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ. ಅಣ್ಣ ಆಗಷ್ಟೇ ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದ. ವರ್ಕ್‌ಶಾಪಿನ ಪೂಜೆ ಮುಗಿಸಿ, ಬೂದುಗುಂಬಳ, ಸೇವಂತಿಗೆ ಹಾರ ತಂದು ಮನೆಯ ಪೂಜೆಗೆ ಇಳಿದ. ಸ್ಕೂಟರು ಆಯಿತು, ಮಿಕ್ಸಿ ಆಯಿತು, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಈಳಿಗೆಮಣೆ, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟುಕೊಂಡು ಬಂದ. ನಾನು ಒಬ್ಬಟ್ಟಿನ ತಟ್ಟೆ ಹಿಡಿದು ಮುಂದಿನ ಕೋಣೆಗೆ ಬಂದರೆ, ಕಂಡದ್ದನ್ನು ಏನು ಹೇಳಲಿ.

ಮೇಜಿನ ಮೇಲಿನ ತೆಳ್ಳನೆಯ ಬಟ್ಟೆ ಪಕ್ಕಕ್ಕೆ ಸರಿದಿತ್ತು. ಚಿತ್ರದೊಳಗಿನ ಮೆಷಿನ್ನಿನ ಮೈ ಮೇಲೆ, ನೀರಲ್ಲಿ ಕಲಸಿದ ಅರಿಶಿನದ ಮೂರು ಬೆರಳಿನ ಗೆರೆ. ಚಕ್ರದ ನಡುವೆ ದುಂಡಗೆ ಕುಂಕುಮದ ಬೊಟ್ಟು. ಮೇಲೊಂದು ಸೇವಂತಿಗೆ ಹೂವು. ಅಣ್ಣ ಚಪ್ಪಲಿ ಆಚೆ ಬಿಟ್ಟು, ಕೈ ಮುಗಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದರೆ ಇದೇ. ನಾನು ತಟ್ಟೆ ಕೆಳಗಿಟ್ಟು ಹೂವು ತೆಗೆದು ನೋಡಿದೆ. ಅರಿಶಿನ ಕಾಗದಕ್ಕೆ ಇಳಿದು ಹೋಗಿತ್ತು. ನಿನಗೆ ತಲೆ ನೆಟ್ಟಗಿದೆಯಾ, ಇಡೀ ವರ್ಷ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದದ್ದನ್ನು ಹಾಳು ಮಾಡಿದೆಯಲ್ಲ ಎಂದು ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದೆ. ಹಬ್ಬದ ದಿನ ಎನ್ನುವುದೂ ನೆನಪಿರಲಿಲ್ಲ. ಅವನು ಕಣ್ಣು ಪಿಳಿಪಿಳಿ ಬಿಡುತ್ತಾ ನಿಂತ. ಬಾಗಿಲಲ್ಲಿ ನೆರಳಾಯಿತು. ಅತ್ತಿಗೆ ಬಂದಿದ್ದಳು.

ಅವಳು ಮೇಜಿನ ಹತ್ತಿರ ಬಂದು ನೋಡಿದಳು. ಕೈಯಲ್ಲಿದ್ದ ಬ್ಲೌಸು ಕೆಳಗೆ ಬಿತ್ತು. ಯಾಕೆ ಎಂದು ಗಂಡನನ್ನು ಕೇಳಿದಳು, ಅಷ್ಟೇ. ಅಣ್ಣ ನನ್ನ ಮುಖ ನೋಡಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ಚಿತ್ರದ ಕಡೆ ನೋಡಿಕೊಂಡೇ ಹೇಳಿದ.

"ನಿನ್ ಮೆಷಿನ್ ರಿಪೇರಿಗೆ ಹೋಗಿದ್ಯಲ್ಲ. ಈ ವರ್ಷ ಮನೇಲಿ ದುಡಿದಿದ್ದು ಅದೊಂದೇ ಕಣೇ. ಅದಕ್ಕೇ ಪೂಜೆ ಇಲ್ದಿದ್ರೆ ಹೆಂಗೆ ಅಂತ, ಇದಕ್ಕೆ ಮಾಡ್ದೆ."

ಇಷ್ಟು ವರ್ಷ ಆಯುಧ ಪೂಜೆಯಲ್ಲಿ ಅವನು ಲೇತಿಗೆ ಮಾಡಿದ್ದಾನೆ, ಸ್ಕೂಟರಿಗೆ ಮಾಡಿದ್ದಾನೆ. ಹೊಲಿಗೆ ಮೆಷಿನ್ನಿಗೆ ಅತ್ತಿಗೆ ತಾನೇ ಬೊಟ್ಟಿಟ್ಟುಕೊಳ್ಳುತ್ತಿದ್ದಳು, ಅದು ಹೆಂಗಸರ ಸಾಮಾನು ಎನ್ನುವ ಹಾಗೆ. ಅವನು ಅವಳ ಮೆಷಿನ್ನಿಗೆ ಕೈ ಮುಗಿದದ್ದು ಇದೇ ಮೊದಲು ಎನ್ನುವುದು ಆ ಕ್ಷಣಕ್ಕೆ ನನ್ನ ತಲೆಗೆ ಬರಲಿಲ್ಲ. ನನಗಿದ್ದದ್ದು ಬರೀ ಸಂಕಟ. ಅತ್ತಿಗೆ ತೆಳ್ಳನೆಯ ಬಟ್ಟೆ ಮುಚ್ಚಿ, ಒಳಗೆ ಹೋಗಿ ಎಲೆ ಹಾಕಿದಳು. ಅಣ್ಣ ಎಲೆಯ ಮುಂದೆ ತಲೆ ತಗ್ಗಿಸಿ ಉಂಡ. ಅವಳು ಒಬ್ಬಟ್ಟು ಮುರಿದು ಹಾಗೇ ಬಿಟ್ಟಳು. ಅವಳು ಮೌನವಾಗಿದ್ದರೆ ಸಿಟ್ಟಾಗಿದ್ದಾಳೆ ಎಂದೇ ನನ್ನ ಲೆಕ್ಕ. ನನ್ನ ಮನೆಗೆ ಹೋಗುವಾಗ ಅಣ್ಣನಿಗೆ ಇನ್ನೊಂದು ಸಲ ಬೈದೇ ಹೋದೆ.

ವಿಜಯದಶಮಿ ಕಳೆದ ಮರುದಿನ ಬೆಳಿಗ್ಗೆ ಧನ್ಯಶ್ರೀ ಬಂದಳು. ನಾನೇ ಅವಳನ್ನು ಮೇಲೆ ಹತ್ತಲೂ ಬಿಡದೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಬಟ್ಟೆ ಸರಿಸಿ ನೋಡಿ ಅವಳು ಒಂದು ಸಲ ಉಸಿರೆಳೆದುಕೊಂಡಳು. ಆಮೇಲೆ ಅಣ್ಣನ ಮುಖ ನೋಡಿ ಅರ್ಥ ಮಾಡಿಕೊಂಡಳೋ ಏನೋ, ಯಾರನ್ನೂ ಬೈಯಲಿಲ್ಲ. ಒಣಗಿದ ಪುಡಿಯನ್ನು ಮೆತ್ತನೆಯ ಬ್ರಷ್ಷಿನಲ್ಲಿ ಉದುರಿಸಿ, ಕಾಗದವನ್ನು ಬಾಗಿಲ ಕಡೆ ಓರೆಯಾಗಿ ಹಿಡಿದು ನೋಡಿದಳು. ನೀರು ಮುಟ್ಟಿಸಿದರೆ ನನ್ನ ಬಣ್ಣವೂ ಎದ್ದು ಬರುತ್ತದೆ, ಹಾಗಾಗಿ ತೊಳೆಯುವ ಮಾತು ಬೇಡ ಅಂದಳು. ಅಣ್ಣ ಕಾಫಿ ಲೋಟ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹಾಳಾಗಿದ್ದರೆ ಇನ್ನೊಂದು ಬರೆಸಿಕೊಡುತ್ತೇನೆ, ಓವರ್‌ಟೈಮ್ ಮಾಡುತ್ತೇನೆ ಎಂದು ಹುಡುಗಿಗೆ ಹೇಳಿದ. ನಮ್ಮಣ್ಣನ ಗಂಟಲು ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಪಾಪ ಅನ್ನಿಸಿತು.

ಧನ್ಯಶ್ರೀ ಅವನಿಗೆ ಧೈರ್ಯ ಹೇಳಿದಳು. ಅರಿಶಿನಕ್ಕೆ ಬೆಳಕು ಕಂಡರೆ ಆಗುವುದಿಲ್ಲ, ಬೇಗ ಮಾಸಿ ಹೋಗುತ್ತದೆ. ಚಿತ್ರದ ಬಣ್ಣ ಗಟ್ಟಿ, ನಾಲ್ಕು ದಿನ ಬೆಳಕಿಗಿಟ್ಟರೆ ಅದಕ್ಕೇನೂ ಆಗುವುದಿಲ್ಲ. ಬೆಳಗಿನ ಎಳೆ ಬಿಸಿಲಿಗೆ ಹಿಡಿದರೆ ಹಳದಿ ತಾನಾಗಿ ಹೋಗುತ್ತದೆ, ಕುಂಕುಮವೂ ತೆಳುವಾಗುತ್ತದೆ, ಉಳಿದದ್ದು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ ಅಂದಳು. ಕೇಳಿ ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಬಾಗಿಲಲ್ಲಿ ಬಿಸಿಲು ಬಿದ್ದೇ ಇತ್ತು. ನಾನು ಮೇಜಿನ ಒಂದು ತುದಿ ಹಿಡಿದು ಆ ಕಡೆ ಎಳೆಯಲು ಹೋದೆ.

ಅತ್ತಿಗೆ ಇನ್ನೊಂದು ತುದಿ ಹಿಡಿದು ನಿಲ್ಲಿಸಿದಳು. ಕಾಗದದ ಮೇಲಿನ ಮೂರು ಬೆರಳಿನ ಗುರುತನ್ನು ಮುಟ್ಟದೆ, ಮೇಲಿಂದಲೇ ಬೆರಳಾಡಿಸಿದಳು. ಬಾಗಿಲನ್ನು ಅರ್ಧ ಮುಂದೆ ಮಾಡಿ ಬಿಸಿಲು ತಡೆದು, ಧನ್ಯಶ್ರೀಯ ಕಡೆ ತಿರುಗಿದಳು.

"ಅದು ಹೋಗದ ಹಾಗೆ ಏನ್ ಮಾಡ್ಬೇಕು, ಅದನ್ನ ಹೇಳು."